ಮಾರಾಟಕ್ಕೆ ಸಿಂಗರಿಸಿದ ಮನೆ

ನಮ್ಮಪ್ಪ ಮೂವತ್ತು ವರ್ಷ ಮೈಸೂರಿನ ಮನೆಗಳಿಗೆ ಸುಣ್ಣಬಣ್ಣ ಬಳಿದ. ಬಾಡಿಗೆಗೆ ಕೊಡುವ ಮನೆ, ಮದುವೆಯ ಮನೆ, ಮಾರುವ ಮನೆ. ಮಾರುವ ಮನೆಯ ಬಣ್ಣವೇ ಬೇರೆ ಅನ್ನುತ್ತಿದ್ದ. ಅಲ್ಲಿ ಮಾಲೀಕರಿಗೆ ಬಾಳಿಕೆ ಬೇಡ, ಬೆಳಕು ಬೇಕು. ಅಗ್ಗದ ಡಿಸ್ಟೆಂಪರು, ಅದೂ ತಿಳಿ ಬಣ್ಣ. ಕೋಣೆ ದೊಡ್ಡದಾಗಿ ಕಾಣಬೇಕು. ಸೋರುವ ಮೂಲೆಗೆ ಪುಟ್ಟಿ ಮೆತ್ತಿ ಉಜ್ಜಿಬಿಡಬೇಕು. "ಒದ್ದೆ ಗೋಡೆ ಮೇಲೆ ಏನ್ ಬಳುದ್ರೂ ಒಂದ್ ಮಳೆಗಾಲ ಕಣ್ಲಾ. ಒಳಗಿನ ಉಪ್ಪು ಬಣ್ಣವ ನೂಕ್ಕಂಡು ಈಚ್ಗೆ ಬತ್ತದೆ" ಎಂದು ಊಟಕ್ಕೆ ಕೂತಾಗ ಹೇಳಿ ನಗುತ್ತಿದ್ದ.

ಎರಡು ವರ್ಷದ ಹಿಂದೆ ಅಪ್ಪ ಸಾರವೆಯಿಂದ ಬಿದ್ದು ಸೊಂಟ ಮುರಿದುಕೊಂಡ. ಆಪರೇಷನ್ನಿಗೆ ಮಾಡಿದ ಸಾಲ ಬಡ್ಡಿ ಸೇರಿ ಬೆಳೆಯಿತು. ನಾನು ಬಿ.ಎ. ಮುಗಿಸಿದ್ದೆ, ನಮ್ಮ ವಂಶದಲ್ಲಿ ಮೊದಲನೆಯವನು. ಪದವಿ ಇತ್ತು, ಸಂಬಳ ಇರಲಿಲ್ಲ. ಪದ್ಯ ಬರೆಯುತ್ತಿದ್ದೆ. ಪದ್ಯ ನೋಡಿ ಬಡ್ಡಿ ಬಿಡುವ ಸಾಹುಕಾರ ಇನ್ನೂ ಹುಟ್ಟಿಲ್ಲ. ಕೊನೆಗೆ ಮನೆ ಮಾರುವುದೆಂದಾಯಿತು. 20–30ರ ಸೈಟು, ಎರಡು ಕೋಣೆ, ಒಂದು ನಡುಮನೆ. ಕೇರಿ ಬಿಟ್ಟು ಬಂದ ಅಪ್ಪ ಕೂಲಿಯ ದುಡ್ಡಲ್ಲಿ ಕಟ್ಟಿದ್ದು.

ಬ್ರೋಕರ್ ಬಂದ. ಕೆಟ್ಟ ಮನುಷ್ಯನೇನಲ್ಲ. "ಗ್ರಾಂಟ್ ಜಾಗ ಅಲ್ವಲ್ಲ ಯಜಮಾನ್ರೇ? ನಿಮ್ಮ ಜನದ ಹೆಸರಲ್ಲಿದ್ರೆ ಕೊಳ್ಳೋರು ಹೆದರ್ತಾರೆ" ಎಂದು ಶುರುಮಾಡಿದ. ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡಬಾರದೆಂದು 1978ರ ಕಾಯಿದೆ ಹೇಳುತ್ತದೆ. ನಮ್ಮ ಭೂಮಿ ನಮ್ಮ ಕೈ ತಪ್ಪದಿರಲೆಂದು ಮಾಡಿದ್ದು. ನಮ್ಮದು ದುಡ್ಡು ಕೊಟ್ಟು ಕೊಂಡ ಸೈಟು, ಕ್ರಯಪತ್ರ ತೋರಿಸಿದೆವು. ನಮ್ಮನ್ನು ಕಾಯುವ ಕಾಯಿದೆಯಿಂದಲೂ ನಮ್ಮ ಗುರುತು ಹಿಡಿಯುತ್ತಾರೆ.

ಆಮೇಲೆ ಮನೆಯನ್ನು ಹೇಗೆ ಸಿಂಗರಿಸಬೇಕೆಂದು ಹೇಳಿದ. "ಬಾಗಿಲಿಗೆ ಮಾವಿನ ತೋರಣ ಕಟ್ಟಿ. ಮುಂದೆ ಒಂದು ತುಳಸಿ ಕುಂಡ ಇರ್ಲಿ. ಆ ವಾರ ಬಾಡು ಬೇಯಿಸ್ಬೇಡಿ, ವಾಸನೆ ನಿಂತ್ಬಿಡ್ತದೆ." ಹೇಳುತ್ತಾ ನಡುಮನೆಯ ಗೋಡೆ ನೋಡಿದ. ಅಲ್ಲಿ ಬಾಬಾಸಾಹೇಬರ ಪಟವಿತ್ತು. ನೀಲಿ ಕೋಟು, ಕೈಯಲ್ಲಿ ಪುಸ್ತಕ. "ಅದೊಂದನ್ನ ಒಳಗಿಡಿ ಸಾರ್. ನನಗೇನಿಲ್ಲ. ಬರೋರು ಮೊದ್ಲು ಅದನ್ನೇ ನೋಡೋದು."

ಅಪ್ಪ ಅಂದ: "ಅಡುಗೆಮನೆ ಮೂಲೆ ಸೋರ್ತದೆ. ಅದ್ಕೆ ಪುಟ್ಟಿ ಮೆತ್ತಕ್ಕಿಲ್ಲ. ಬಂದೋರ್ಗೆ ಹೇಳ್ತೀನಿ." ಪಟದ ಮಾತಿಗೆ ಏನೂ ಅನ್ನಲಿಲ್ಲ. ನನ್ನ ಮುಖ ನೋಡಿದ.

ಗೆಳೆಯರೇ, ಪಟ ಇಳಿಸಿದವನು ನಾನು. ಹಿಂದಿನ ವಾರವಷ್ಟೇ ಏಪ್ರಿಲ್ 14ರ ಸಭೆಯಲ್ಲಿ ಸ್ವಾಭಿಮಾನದ ಮೇಲೆ ಪದ್ಯ ಓದಿ ಚಪ್ಪಾಳೆ ತಗೊಂಡಿದ್ದೆ. ಅದೇ ಕೈಯಲ್ಲಿ ಪಟವನ್ನು ಅವ್ವನ ಹಳೇ ಸೀರೆಗೆ ಸುತ್ತಿ ಅಕ್ಕಿ ಮೂಟೆಯ ಹಿಂದೆ ಇಟ್ಟೆ. ಪಟವಿದ್ದಷ್ಟು ಜಾಗ ಗೋಡೆಯ ಮೇಲೆ ಬೆಳ್ಳಗೆ ಉಳಿದುಬಿಟ್ಟಿತು. ಅದು ಕಾಣದ ಹಾಗೆ ಮಾಡಲು ಇಡೀ ಗೋಡೆಗೆ ಬಣ್ಣ ಹೊಡೆದೆ. ಅಪ್ಪ ಕುರ್ಚಿಯಲ್ಲಿ ಕೂತು "ಮೇಲಿಂದ ಕೆಳೀಕೆ ಎಳಿ" ಎಂದು ಹೇಳಿಕೊಡುತ್ತಿದ್ದ.

ಆ ರಾತ್ರಿ ನಿದ್ದೆ ಬರಲಿಲ್ಲ. ಬರೋಡ ನೆನಪಾಯಿತು. 1917ರಲ್ಲಿ ಅಂಬೇಡ್ಕರರು ಅಮೆರಿಕ, ಲಂಡನ್‌ಗಳಲ್ಲಿ ಓದಿ ಬಂದು ಬರೋಡ ಸಂಸ್ಥಾನದ ಕೆಲಸಕ್ಕೆ ಹೋದರು. ಅಷ್ಟು ಓದಿದವರಿಗೆ ತಲೆಯಿಡಲು ಜಾಗ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು, ಪಾರ್ಸಿ ಹೆಸರು ಬರೆಸಿ ಉಳಿದರು. 11ನೆಯ ದಿನ ದೊಣ್ಣೆ ಹಿಡಿದ ಜನ ಬಂದು ಹೊರಗೆ ಹೋಗು ಅಂದರು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಇದನ್ನು ಬರೆದಿದ್ದಾರೆ. ಮುಂದೆ ಮುಂಬೈಯ ದಾದರಿನಲ್ಲಿ ಸ್ವಂತ ಮನೆ ಕಟ್ಟಿಸಿ, ಪುಸ್ತಕ ತುಂಬಿ, ರಾಜಗೃಹ ಎಂದು ಹೆಸರಿಟ್ಟರು. ನೂರು ವರ್ಷ ಕಳೆದ ಮೇಲೆ ನಾನು ಅವರನ್ನೇ ಬಚ್ಚಿಟ್ಟು ಮನೆ ಮಾರಲು ಹೊರಟಿದ್ದೆ.

ಭಾನುವಾರ ಗಂಡ ಹೆಂಡತಿ ಬಂದರು. ನಲ್ಲಿ ತಿರುಗಿಸಿದರು, ಕಿಟಕಿ ತೆಗೆದರು. ಆಕೆ ತುಳಸಿಗೆ ಕೈ ಮುಗಿದು "ಮನೆ ಕಳೆಯಾಗಿದೆ" ಅಂದರು. ಅವ್ವ ಕಾಫಿ ಮಾಡಲು ಒಳಗೆ ಹೋದಳು. ಆತ ಅಪ್ಪನ ಕಡೆ ತಿರುಗಿ "ತಾವು ಯಾವ ಪೈಕಿ?" ಎಂದು ಕೇಳಿದರು. ಬ್ರೋಕರ್ ಕೆಮ್ಮಿದ. ನಾನು "ಇಲ್ಲೇ, ಮೈಸೂರು ಕಡೆಯವರೇ" ಅಂದೆ.

ಅಪ್ಪ ಕೋಲು ಊರಿ ಎದ್ದು ನಿಂತ. "ಸ್ವಾಮಿ, ಅಡುಗೆಮನೆ ಮೂಲೆ ಸೋರ್ತದೆ, ನೋಡ್ಕಳಿ. ನಾವು ಹೊಲೇರು. ಎಲ್ಡುನೂವೆ ಹೇಳ್ಬುಟ್ಟಿವ್ನಿ."

ಸೋರುವುದನ್ನು ರಿಪೇರಿ ಮಾಡಿಸಿಕೊಳ್ಳಬಹುದು ಬಿಡಿ ಎಂದರು ಆತ. ಎರಡನೆಯದಕ್ಕೆ ಏನೂ ಅನ್ನಲಿಲ್ಲ, ಗಡಿಯಾರ ನೋಡಿದರು. ಕಾಫಿ ಬಂದಾಗ ಈಗತಾನೆ ಕುಡಿದು ಬಂದೆವು ಎಂದರು. ಅವರು ಹೋದ ಮೇಲೆ ಲೋಟಗಳು ಹಾಗೇ ಆರಿದವು.

ಅವ್ವ ನನ್ನನ್ನು ಬಯ್ಯಲಿಲ್ಲ. "ಅಕ್ಕಿ ಮೂಟೆ ಹಿಂದ್ಗಡೆ ಇಲಿ ಓಡಾಡ್ತವೆ ಕಲಾ. ತಗ್ದು ಮೇಲೆ ಮಡಗು" ಅಂದಳು. ಹೊಸ ಬಣ್ಣದ ಗೋಡೆಗೆ ಮೊಳೆ ಹೊಡೆದೆ. ಒಂದಿಷ್ಟು ಗಾರೆ ಉದುರಿತು.

ನಾಲ್ಕು ತಿಂಗಳ ಮೇಲೆ ಮನೆ ಹೋಯಿತು, ಬ್ರೋಕರ್ ಮೊದಲು ಹೇಳಿದ ಬೆಲೆಗಿಂತ 3 ಲಕ್ಷ ಕಮ್ಮಿಗೆ. ಕೊಂಡವರು ನೀರು ಕೇಳಿದರು, ಖಾತೆ ಕೇಳಿದರು. ಪಟ ನೋಡಿ ಬಾಯಲ್ಲಿ ಏನೂ ಅನ್ನಲಿಲ್ಲ. ಬೆಲೆಯಲ್ಲಿ ಅಂದರು.

ಸಾಲ ತೀರಿತು. ಈಗ ಬಾಡಿಗೆ ಮನೆ ಹುಡುಕುತ್ತಿದ್ದೇವೆ. ಅಲ್ಲೂ ಅದೇ ಕೇಳುತ್ತಾರೆ, ಯಾವ ಪೈಕಿ ಎಂದು. ಅಪ್ಪನಿಗೆ ನಡೆಯಲಾಗುವುದಿಲ್ಲ, ಹೋಗುವವನು ನಾನೇ. ಮೊದಲನೇ ಸಲ ಹೇಳುವಾಗ ಗಂಟಲು ಒಣಗಿತು. ಆದರೂ ಹೇಳಿದೆ. ಇಲ್ಲಿಗೆ ಏಳು ಮನೆ ನೋಡಿದ್ದಾಯಿತು, ಏಳೂ ಕಡೆ ಹೇಳಿದ್ದೇನೆ. ಸ್ವಾಭಿಮಾನದ ಮೇಲಿನ ಆ ಪದ್ಯವನ್ನು ಮಾತ್ರ ಮತ್ತೆ ಎಲ್ಲೂ ಓದಿಲ್ಲ.