ಮೈಕ್ ಆಫ್ ಮಾಡ್ಕೋ

ಮೊಬೈಲ್ ಗೇಮ್ ಆಡ್ತಿದ್ದೆ ಅಂದರೆ ಜನ ಮೊದಲು ಕೇಳುವುದು ಎಷ್ಟು ದುಡ್ಡು ಹೋಯ್ತು ಅಂತ. ನನ್ನದು ಒಂದು ರೂಪಾಯಿಯೂ ಹೋಗಿಲ್ಲ. ನಾವು ಆಡಿದ್ದು ಹಣ ಕಟ್ಟುವ ಆಟವಲ್ಲ. ಹೋದದ್ದು ಬೇರೆ. ಅದನ್ನು ನಡೆದ ಹಾಗೆ ಬರೆಯುತ್ತೇನೆ. ಇದರಲ್ಲಿ ನನ್ನ ತಪ್ಪೂ ಇದೆ. ಅದನ್ನೂ ಬರೆಯುತ್ತೇನೆ.

ನಮ್ಮೂರು ಬೂದಿಕೋಟೆ, ಬಂಗಾರಪೇಟೆ ತಾಲ್ಲೂಕು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಅಪ್ಪ ಟೊಮೆಟೊ, ರಾಗಿ ಬೆಳೆಯುತ್ತಾರೆ. 2020ರ ಲಾಕ್‌ಡೌನಿನಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ಫೋನ್ ಕೊಡಿಸಿದರು. ಕ್ಲಾಸು ದಿನಕ್ಕೆ ಎರಡು ಗಂಟೆ. ಉಳಿದ ಹೊತ್ತು ಪಬ್‌ಜಿ. ಆ ವರ್ಷ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ನಿಷೇಧಿಸಿತು. 2021ರ ಜುಲೈ 2ರಂದು ಅದೇ ಆಟ ಬಿಜಿಎಂಐ ಅನ್ನುವ ಹೆಸರಲ್ಲಿ ಬಂತು. ಅದೇ ತಿಂಗಳು ನಾನು ಪರೀಕ್ಷೆ ಬರೆಯದೆ ಸೆಕೆಂಡ್ ಪಿಯುಸಿ ಪಾಸಾದೆ. ಕೊರೊನಾದಿಂದ ಆ ವರ್ಷ ಪರೀಕ್ಷೆಯೇ ರದ್ದಾಗಿತ್ತು. ನನಗೆ 18 ವರ್ಷ.

ಮನೆಯೊಳಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಮಾಳಿಗೆ ಮೇಲೆ ನೀರಿನ ಟ್ಯಾಂಕಿನ ಪಕ್ಕ ಕೂತರೆ ಸಿಗುತ್ತಿತ್ತು. ಅಲ್ಲಿ ಕೂತು ಆಡುವಾಗ ಒಂದು ರಾತ್ರಿ ಒಬ್ಬರ ಪರಿಚಯವಾಯಿತು. ಕೆಜಿಎಫ್‌ನವರು. ನನಗಿಂತ ಒಂಬತ್ತು ವರ್ಷ ದೊಡ್ಡವರು. ಅವರ ಹೆಸರು ಇಲ್ಲಿ ಬೇಡ. ನಾನು ಅಣ್ಣ ಅನ್ನುತ್ತಿದ್ದೆ.

ನನ್ನೂರು ಯಾವುದು ಅಂತ ಕೇಳಿದರು. ಹೇಳಿದೆ. "ಹೈದರಾಲಿ ಹುಟ್ಟಿದ ಊರು ಅಲ್ವಾ? ಸರಿ, ಇವತ್ತಿಂದ ನೀನು ಹೈದರಾಲಿ" ಅಂದರು. ನನಗೆ ಖುಷಿಯಾಯಿತು. ದೂರದವರು ನಮ್ಮೂರ ಹೆಸರು ಕೇಳಿದರೆ ಎಲ್ಲಿದೆ ಅದು ಅನ್ನುತ್ತಾರೆ. ಇವರಿಗೆ ಗೊತ್ತಿತ್ತು.

ಅವರು ಚೆನ್ನಾಗಿ ಕಲಿಸಿದರು. ಇದನ್ನು ಮುಚ್ಚಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಮೊದಲ ಹದಿನೈದು ದಿನ ಯಾರನ್ನೂ ಹೊಡೆಯಲು ಬಿಡಲಿಲ್ಲ. ಟ್ರೈನಿಂಗ್ ಗ್ರೌಂಡಿನಲ್ಲಿ ಗೋಡೆಗೆ ಗುಂಡು ಹಾರಿಸಿ, ಗುರುತು ಎಲ್ಲಿ ಬಿತ್ತು ನೋಡು ಅಂದರು. ಗನ್ ಮೇಲಕ್ಕೆ ಎಗರುತ್ತದೆ. ಹೆಬ್ಬೆರಳನ್ನು ಅಷ್ಟೇ ಕೆಳಗೆ ಎಳೆಯಬೇಕು. ಗುರುತೆಲ್ಲ ಅಂಗೈಯಷ್ಟು ಜಾಗದಲ್ಲಿ ಬೀಳುವವರೆಗೆ ಅದನ್ನೇ ಮಾಡಿಸಿದರು. ಆಮೇಲೆ ಕಣ್ಣು ಮುಚ್ಚಿ ಹೆಜ್ಜೆ ಸದ್ದು ಕೇಳಲು ಕಲಿಸಿದರು. ಮರದ ನೆಲದ ಸದ್ದು ಬೇರೆ, ಹುಲ್ಲಿನ ಸದ್ದು ಬೇರೆ.

ಒಂದು ಭಾನುವಾರ ಬಂಗಾರಪೇಟೆ ಸ್ಟೇಷನ್ನಿಗೆ ಕರೆಸಿದರು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಹಳೇ ಪೇಪರ್ ಹಾಸಿ, ಪೆನ್ನಿನಲ್ಲಿ ಆಟದ ಎರಾಂಗೆಲ್ ಮ್ಯಾಪ್ ಬರೆದರು. ದೊಡ್ಡ ದ್ವೀಪ, ಕೆಳಗೆ ಚಿಕ್ಕ ದ್ವೀಪ, ನಡುವೆ ಎರಡು ಸೇತುವೆ. ಟೀ ಲೋಟದ ತಳವನ್ನು ಪೇಪರಿನ ಮೇಲೆ ಒತ್ತಿ ವೃತ್ತ ಮೂಡಿಸಿದರು. "ಇದು ಜೋನ್. ಇದು ಚಿಕ್ಕದಾಗೋಕೆ ಮೊದ್ಲೇ ನೀನು ಒಳಗಿರ್ಬೇಕು. ಓಡಿ ಬರೋನು ಸಾಯ್ತಾನೆ, ಕೂತಿರೋನು ಉಳೀತಾನೆ." ಟೀ ದುಡ್ಡು ಅವರೇ ಕೊಟ್ಟರು. ಹೋಗುವಾಗ ತಮ್ಮ ಹಳೆಯ ಇಯರ್‌ಫೋನ್ ನನಗೆ ಕೊಟ್ಟರು.

ಆ ದಿನವೇ ತಮ್ಮ ವಿಷಯ ಹೇಳಿದರು. ಅವರ ತಂದೆ ಚಿನ್ನದ ಗಣಿಯಲ್ಲಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಇವರಿಗೆ ಏಳು ವರ್ಷ. ಈಗ ಇವರು ದಿನಾ ಬೆಳಿಗ್ಗೆ ಕತ್ತಲಲ್ಲೇ ಎದ್ದು ಮಾರಿಕುಪ್ಪಂನಿಂದ ಬರುವ ರೈಲು ಹತ್ತುತ್ತಾರೆ. ವೈಟ್‌ಫೀಲ್ಡಿನಲ್ಲಿ ಇಳಿದು ಒಂದು ಗೋದಾಮಿನಲ್ಲಿ ಕೆಲಸ ಮಾಡಿ ರಾತ್ರಿ ವಾಪಸ್ಸು. ಕೆಜಿಎಫ್‌ನ ಸಾವಿರಾರು ಜನರ ಬಾಳು ಹಾಗೇ ನಡೆಯುತ್ತಿದೆ. "ಅಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ಏಯ್ ಅಂತಾರೆ. ಇಲ್ಲಿ ನಾನು ಹೇಳಿದ್ದನ್ನ ನಾಲ್ಕು ಜನ ಕೇಳ್ತಾರೆ" ಅಂದರು. ಆಗ ಅದು ನನಗೆ ದೊಡ್ಡ ಮಾತು ಅನ್ನಿಸಲಿಲ್ಲ.

ಒಂದು ತಂಡಕ್ಕೆ ನಾಲ್ಕು ಜನ. ಅಣ್ಣನೇ ಐಜಿಎಲ್. ಅಂದರೆ ಆಟದೊಳಗೆ ಎಲ್ಲಿ ಹೋಗಬೇಕು, ಯಾವಾಗ ಹೊಡೆಯಬೇಕು ಅಂತ ಹೇಳುವವರು. ಆಗಸ್ಟಿನಲ್ಲಿ ದೊಡ್ಡ ಟೂರ್ನಮೆಂಟಿನ ಅರ್ಹತಾ ಸುತ್ತು ಆಡಿದೆವು. ದೇಶದಿಂದ 1024 ತಂಡ ಮುಂದೆ ಹೋಗುತ್ತಿದ್ದವು. ನಾವು ಹೋಗಲಿಲ್ಲ. ಬೇಸರವಾಯಿತು, ಅಷ್ಟೇ. ದಿನಾ ರಾತ್ರಿ ಒಂಬತ್ತರಿಂದ ಬೇರೆ ತಂಡಗಳ ಜೊತೆ ಸ್ಕ್ರಿಮ್ಸ್, ಅಂದರೆ ಅಭ್ಯಾಸದ ಮ್ಯಾಚ್, ಆಡತೊಡಗಿದೆವು. ಮುಗಿಯುವಾಗ ಒಂದು, ಒಂದೂವರೆ. ಅಣ್ಣ ಮಲಗುತ್ತಿದ್ದುದು ಮೂರೋ ನಾಲ್ಕೋ ಗಂಟೆ. ಇದನ್ನು ನಾನು ಲೆಕ್ಕ ಹಾಕಿದ್ದು ಎರಡು ವರ್ಷ ಆದಮೇಲೆ.

ನವೆಂಬರಿನಲ್ಲಿ ನನ್ನ ಕಿಲ್ಸ್, ಅಂದರೆ ಹೊಡೆದವರ ಲೆಕ್ಕ, ಅಣ್ಣನಿಗಿಂತ ಜಾಸ್ತಿಯಾಯಿತು. ಮೊದಲು ಒಂದು ದಿನ, ಆಮೇಲೆ ಒಂದು ವಾರ. ಬೇರೆ ತಂಡದವನೊಬ್ಬ "ನಿಮ್ಮ ಹೈದರಾಲಿ ಚೆನ್ನಾಗಿ ಆಡ್ತಾನೆ" ಅಂದ. ಅಣ್ಣ ಏನೂ ಹೇಳಲಿಲ್ಲ. ಅವತ್ತಿನಿಂದ ಅದೇ ಹೆಸರನ್ನು ಬೇರೆ ಥರ ಕರೆಯತೊಡಗಿದರು. "ಏನೋ ಹೈದರಾಲಿ, ರಾಜ್ಯ ಕಟ್ತೀಯಾ?" ಉಳಿದಿಬ್ಬರು ನಗುತ್ತಿದ್ದರು. ನಾನೂ ನಕ್ಕೆ.

ಒಂದು ಮ್ಯಾಚಿನಲ್ಲಿ ಜೋನ್ ಚಿಕ್ಕ ದ್ವೀಪಕ್ಕೆ ಬಿತ್ತು. ಈಗಲೇ ಸೇತುವೆ ದಾಟೋಣ ಅಂದೆ. ಅವರೇ ಕಲಿಸಿದ ಪಾಠ ಅದು. "ನೀನು ಐಜಿಎಲ್ಲಾ? ಮೈಕ್ ಆಫ್ ಮಾಡ್ಕೋ" ಅಂದರು. ಆಫ್ ಮಾಡಿದೆ. ತಡವಾಗಿ ಹೊರಟೆವು. ಸೇತುವೆಯ ಆ ತುದಿಯಲ್ಲಿ ಬೇರೆ ತಂಡ ಕಾದು ಕೂತಿತ್ತು. ನಾಲ್ಕೂ ಜನ ಸತ್ತೆವು. ಆಮೇಲೆ ಆಟಗಾರರು ಸೇರಿ ಮಾತಾಡುವ ಡಿಸ್ಕಾರ್ಡ್ ಆ್ಯಪಿನಲ್ಲಿ ಸುಮಾರು ಇಪ್ಪತ್ತು ಜನ ಇದ್ದಾಗ ರೆಕಾರ್ಡಿಂಗ್ ಹಾಕಿದರು. ನಾನು ಬಿದ್ದ ಜಾಗವನ್ನು ಆರು ಸಲ ತೋರಿಸಿದರು. "ನೋಡಿ, ಇವನಿಂದ ಹೋಯ್ತು." ನನ್ನ ಮೈಕ್ ಇನ್ನೂ ಆಫ್ ಇತ್ತು.

ಆಮೇಲೆ ಇದು ದಿನದ ಮಾತಾಯಿತು. ತಪ್ಪು ಮಾಡಿದರೆ ಹತ್ತು ಮ್ಯಾಚ್ ಮಾತಾಡುವ ಹಾಗಿಲ್ಲ. ಚೆನ್ನಾಗಿ ಆಡಿದರೆ "ನಾನು ಕಲಿಸಿದ್ದು ನಿಂಗೆ. ನಾನಿಲ್ದಿದ್ರೆ ನೀನ್ಯಾರೋ?" ಈ ಮಾತನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ಅದೇ ನವೆಂಬರಿನಲ್ಲಿ ಕೋಲಾರದ ಕಡೆ ವಿಪರೀತ ಮಳೆ. ತೋಟದಲ್ಲಿ ನೀರು ನಿಂತು ನಮ್ಮ ಟೊಮೆಟೊ ಗಿಡ ಕೊಳೆತವು. ಮಾರ್ಕೆಟ್ಟಿನಲ್ಲಿ ರೇಟು ಏರಿತ್ತು, ನಮ್ಮ ಹತ್ತಿರ ಹಣ್ಣಿರಲಿಲ್ಲ. ಅಪ್ಪ ಗಿಡಕ್ಕೆ ಆಸರೆಗಿಟ್ಟ ಕಡ್ಡಿ ಕಿತ್ತು ಹಾಕುವಾಗ ನಾನು ಜೊತೆಗೆ ಹೋಗಲಿಲ್ಲ. ರಾತ್ರಿ ನಿದ್ದೆಯಿರಲಿಲ್ಲ, ಹಗಲೆಲ್ಲ ಮಲಗಿದ್ದೆ.

ಬಲಗೈ ಹೆಬ್ಬೆರಳಿನ ಬುಡ ನೋಯತೊಡಗಿತು. ಡಿಸೆಂಬರ್ ಹೊತ್ತಿಗೆ ಲೋಟ ಹಿಡಿದರೆ ಜಾರುತ್ತಿತ್ತು. ಮೆಸೇಜ್ ಸದ್ದಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಪಿಯುಸಿ ಆದಮೇಲೆ ಸೇರಿದ್ದ ಡಿಗ್ರಿಯ ಮೊದಲ ಸೆಮಿಸ್ಟರಿನಲ್ಲಿ ಮೂರು ವಿಷಯ ಹೋದವು. ಬಿಟ್ಟುಬಿಡಬಹುದಿತ್ತಲ್ಲ ಅಂತ ಕೇಳುತ್ತಾರೆ. ನನ್ನ ಭಯ ಬೈಗುಳದ್ದಲ್ಲ. ತಂಡದಿಂದ ತೆಗೆದರೆ ನಾನು ಯಾರೂ ಅಲ್ಲ ಅನ್ನುವ ಭಯ. ನಾನಿಲ್ದಿದ್ರೆ ನೀನ್ಯಾರು ಅನ್ನುವ ಮಾತನ್ನು ನಾನು ನಂಬಿದ್ದೆ.

ಅಮ್ಮನಿಗೆ ಆಟ ಅರ್ಥವಾಗುತ್ತಿರಲಿಲ್ಲ. ಒಂದು ರಾತ್ರಿ ಮಾಳಿಗೆಗೆ ಬಂದರು. ಇಯರ್‌ಫೋನಿನಲ್ಲಿ ಅಣ್ಣ ಬೈಯುತ್ತಿದ್ದರು. ಅಮ್ಮನಿಗೆ ಅದು ಕೇಳಿಸಲಿಲ್ಲ, ನನ್ನ ಮುಖ ಕಾಣಿಸಿತು. ಏನೂ ಕೇಳಲಿಲ್ಲ. ಪಾತ್ರೆಯಲ್ಲಿ ಬಿಸಿನೀರಿಗೆ ಉಪ್ಪು ಹಾಕಿ ತಂದು, ನನ್ನ ಬಲಗೈಯನ್ನು ಅದರಲ್ಲಿ ಇಟ್ಟು, ಮೆಟ್ಟಿಲ ಮೇಲೆ ಕೂತರು. ನೀರು ಆರುವವರೆಗೂ ಕೂತಿದ್ದರು. ಅಷ್ಟು ಹೊತ್ತು ನಾನು ಆಡಲಿಲ್ಲ. ಆ ನಾಲ್ಕು ತಿಂಗಳಲ್ಲಿ ನನಗೆ ನೆನಪಿರುವ ನೆಮ್ಮದಿ ಅದೊಂದೇ.

2022ರ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಎದ್ದು ನೋಡಿದರೆ ನನ್ನನ್ನು ಗ್ರೂಪಿನಿಂದ ತೆಗೆದಿದ್ದರು. ಕಾರಣ ಹೇಳಲಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ನನ್ನ ಜಾಗಕ್ಕೆ ಬೇರೆ ಹುಡುಗ ಬಂದಿದ್ದಾನೆ ಅಂತ ತಂಡದ ಇನ್ನೊಬ್ಬ ಮೆಸೇಜ್ ಹಾಕಿದ. ಒಂದು ವಾರ ಯಾರ ಜೊತೆಯೂ ಮಾತಾಡಲಿಲ್ಲ. ಜುಲೈ 28ರಂದು ಆಟವನ್ನೇ ಪ್ಲೇಸ್ಟೋರಿನಿಂದ ತೆಗೆದರು. ಸದ್ಯ, ಇನ್ನು ಅವರೂ ಆಡುವ ಹಾಗಿಲ್ಲ ಅಂದುಕೊಂಡೆ. ಆ ಖುಷಿಗೆ ನನಗೇ ನಾಚಿಕೆಯಾಯಿತು.

ಹೋದ ವಿಷಯಗಳನ್ನು ಪಾಸು ಮಾಡಿಕೊಳ್ಳಲಿಲ್ಲ. ಡಿಗ್ರಿ ಬಿಟ್ಟು ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಫ್ಯಾಕ್ಟರಿಗೆ ಸೇರಿದೆ. ಶಿಫ್ಟ್ ಕೆಲಸ. ಕೈ ನೋವು ನಿಧಾನವಾಗಿ ಕಡಿಮೆಯಾಯಿತು.

2023ರ ಮೇ 29ರಂದು ಆಟ ವಾಪಸ್ ಬಂತು. ಈ ಸಲ ಊರಿನ ಹುಡುಗರನ್ನು ಸೇರಿಸಿ ನಾನೇ ತಂಡ ಕಟ್ಟಿದೆ. ಒಬ್ಬ ಹುಡುಗನಿಗೆ 16, ಫಸ್ಟ್ ಪಿಯುಸಿ. ಅವನಿಗೆ ಗೋಡೆಗೆ ಗುಂಡು ಹಾರಿಸುವುದನ್ನು ಕಲಿಸಿದೆ. ಕಣ್ಣು ಮುಚ್ಚಿ ಕೇಳುವುದನ್ನು ಕಲಿಸಿದೆ. 18 ತುಂಬದವರಿಗೆ ಆ ಆಟದಲ್ಲಿ ದಿನಕ್ಕೆ ಮೂರೇ ಗಂಟೆ. ಅದು ಮುಗಿದ ಮೇಲೆ ನನ್ನ ಹಳೆಯ ಅಕೌಂಟ್ ಕೊಟ್ಟು ಆಡಿಸಿದೆ. ಅದು ತಪ್ಪು ಅಂತ ಗೊತ್ತಿದ್ದೇ ಮಾಡಿದೆ.

ಅವನು ಬೇಗ ಕಲಿತ. ಸೆಪ್ಟೆಂಬರಿನ ಒಂದು ರಾತ್ರಿ ನಾವು ಮೂವರೂ ಸತ್ತ ಮೇಲೆ ಅವನೊಬ್ಬನೇ ನಾಲ್ಕು ಜನರನ್ನು ಹೊಡೆದು ಮ್ಯಾಚ್ ಗೆದ್ದ. ಉಳಿದವರು ಕೂಗಿ ಕುಣಿದರು. ನಾನು ಮೊದಲು ಬಿದ್ದವನು. ಅವನು, "ಅಣ್ಣ, ನೀನು ಎಡಗಡೆ ಹೋಗ್ಬಾರ್ದಿತ್ತು" ಅಂದ. ಸುಮ್ಮನೆ ಅಂದ. ಅದು ಸರಿಯೂ ಇತ್ತು.

ನಾನು ಅಂದೆ: "ನಾನು ಕಲಿಸಿದ್ದು ನಿಂಗೆ. ನಾನಿಲ್ದಿದ್ರೆ ನೀನ್ಯಾರೋ? ಮೈಕ್ ಆಫ್ ಮಾಡ್ಕೋ."

ಒಂದು ಅಕ್ಷರವೂ ನನ್ನದಲ್ಲ. ಆದರೆ ಧ್ವನಿ ನನ್ನದು. ಅವನು "ಸಾರಿ ಅಣ್ಣ" ಅಂದ. ಆಮೇಲೆ ಮೈಕ್ ಆಫ್ ಆದ ಸಣ್ಣ ಸದ್ದು ಬಂತು. ಆ ಸದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿಲ್ಲಿಸಲಿಲ್ಲ. ಅದಾದ ಮೇಲೂ ಮೂರು ವಾರ ಅವನನ್ನು ಹಾಗೇ ನಡೆಸಿಕೊಂಡೆ.

ಒಂದು ಸಂಜೆ ಅವನ ಅಮ್ಮ ನಮ್ಮ ಮನೆಗೆ ಬಂದರು. ಮಗ ಬೆಳಿಗ್ಗೆ ಕಾಲೇಜಿಗೆ ಹೋದವನು ಬಂದಿಲ್ಲ, ಕಾಲೇಜಿಗೂ ಹೋಗಿಲ್ಲವಂತೆ, ಫೋನ್ ಮನೆಯಲ್ಲೇ ಬಿಟ್ಟಿದ್ದಾನೆ ಅಂದರು. ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ, ನಿನಗೇನಾದರೂ ಹೇಳಿದನಾ ಅಂತ ಕೇಳಿದರು. ಇಲ್ಲ ಅಂದೆ. ನಾನು ಅವನಿಗೆ ಏನು ಹೇಳಿದ್ದೆ ಅಂತ ಅವರಿಗೆ ಹೇಳಲಿಲ್ಲ.

ಐದಾರು ಜನ ಬೈಕಿನಲ್ಲಿ ಹೊರಟೆವು. ಕೋಟೆ ಕಡೆ ನೋಡಿದೆವು. ಬಸ್‌ಸ್ಟ್ಯಾಂಡ್ ನೋಡಿದೆವು. ಆಮೇಲೆ ಯಾರೂ ಹೇಳದಿದ್ದರೂ ಎಲ್ಲರೂ ಮಾರ್ಕಂಡೇಯ ಡ್ಯಾಮಿನ ದಾರಿ ಹಿಡಿದೆವು. ಕತ್ತಲಾಗಿತ್ತು. ಏರಿಯ ಮೇಲೆ ನಡೆದೆವು. ಟಾರ್ಚನ್ನು ದಾರಿಗೆ ಬಿಟ್ಟೆವು, ಗಿಡಗಳಿಗೆ ಬಿಟ್ಟೆವು. ನೀರಿನ ಕಡೆ ಯಾರೂ ಬಿಡಲಿಲ್ಲ. ನನ್ನ ಕೈ ನಡುಗುತ್ತಿತ್ತು. ಅವನ ಹೆಸರು ಕೂಗಲು ಬಾಯಿ ತೆರೆದರೆ ಧ್ವನಿ ಬರಲಿಲ್ಲ.

ಒಂಬತ್ತೂವರೆಗೆ ಫೋನ್ ಬಂತು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಟೀ ಮಾರುವವರೊಬ್ಬರು, ಮಧ್ಯಾಹ್ನದಿಂದ ಕೂತಿದ್ದ ಹುಡುಗನಿಗೆ ಬನ್ನು ಕೊಟ್ಟು, ಮನೆ ನಂಬರ್ ಕೇಳಿ ಫೋನ್ ಮಾಡಿದ್ದರು. ಮಾಲೂರಿನ ಚಿಕ್ಕಮ್ಮನ ಮನೆಗೆ ಹೋಗೋಣ ಅಂತ ಹೊರಟಿದ್ದನಂತೆ. ಅಲ್ಲಿಗೆ ಹೋಗಿ ಏನಂತ ಹೇಳುವುದು ಅಂತ ತಿಳಿಯದೆ ರೈಲು ಹತ್ತಲಿಲ್ಲವಂತೆ. ನಾನು ಏರಿಯ ಕಲ್ಲಿನ ಮೇಲೆ ಕೂತುಬಿಟ್ಟೆ. ಆ ಟೀಯವರಿಗೆ ಮಾರನೇ ದಿನ ಹೋಗಿ ಕೈ ಮುಗಿದೆ. "ಹಸಿದಿದ್ದ, ಕೊಟ್ಟೆ" ಅಂದರು.

ಅವನ ಅಪ್ಪ ಅಮ್ಮನ ಹತ್ತಿರ ಹೋಗಿ ನಡೆದದ್ದೆಲ್ಲ ಹೇಳಿದೆ. ಅಪ್ಪ ಬೈದರು. ಬೈಯಬೇಕಿತ್ತು. ಅವನಿಗೆ ಕ್ಷಮಿಸು ಅಂತ ಮನೆಯಲ್ಲೇ ಹೇಳಬಹುದಿತ್ತು. ಆದರೆ ಅವಮಾನ ಮಾಡಿದ್ದು ತಂಡದವರ ಮುಂದೆ. ಹಾಗಾಗಿ ತಂಡದವರೆಲ್ಲರನ್ನೂ ಅದೇ ವಾಯ್ಸ್ ರೂಮಿಗೆ ಕರೆದು ಹೇಳಿದೆ. ಅವತ್ತು ಎಡಗಡೆ ಹೋದದ್ದು ನನ್ನ ತಪ್ಪು ಅಂದೆ. ನೀನು ಗೆದ್ದದ್ದು ನನಗೆ ಸಹಿಸಲಾಗಲಿಲ್ಲ ಅಂದೆ. ಈ ಎರಡನೇ ಮಾತು ಹೇಳಲು ನನಗೆ ಬಹಳ ಹೊತ್ತು ಬೇಕಾಯಿತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಸರಿ ಅಣ್ಣ. ಆದ್ರೆ ನಾನಿನ್ನು ಆಡಲ್ಲ" ಅಂದ. ಆಡಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ಮಾತಾಡಿಸುತ್ತಾನೆ. ಆಟದ ವಿಷಯ ಇಬ್ಬರೂ ಎತ್ತುವುದಿಲ್ಲ.

ಮಾರನೇ ವರ್ಷ ಅಣ್ಣನನ್ನು ಹುಡುಕಿಕೊಂಡು ಹೋದೆ. ರಾತ್ರಿ ರೈಲಿಗೆ ಕಾದು, ಅದೇ ಪ್ಲಾಟ್‌ಫಾರ್ಮಿನಲ್ಲಿ ಮಾತಾಡಿಸಿದೆ. ಮುಂದಲೆ ಕೂದಲು ನರೆತಿತ್ತು. ನನ್ನನ್ನು ನೋಡಿ ನಿಜವಾಗಿ ಖುಷಿಪಟ್ಟರು. ಸೇತುವೆ ವಿಷಯ, ರೆಕಾರ್ಡಿಂಗ್ ವಿಷಯ ಹೇಳಿದೆ. "ಹಾಗಂದಿದ್ನಾ? ನೆನಪಿಲ್ಲ ಕಣೋ" ಅಂದರು. ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ನೆನಪಿದ್ದದ್ದು ಒಮ್ಮೆ ಅವರು ಬಿದ್ದಾಗ ನಾನು ಹೊಗೆ ಹಾಕಿ, ತೆವಳಿ ಹೋಗಿ ಎಬ್ಬಿಸಿದ ಮ್ಯಾಚು. ಅದು ನನಗೆ ಮರೆತಿತ್ತು. ನಾನು ನಮ್ಮೂರಿನ ಹುಡುಗನಿಗೆ ಮಾಡಿದ್ದನ್ನು ಹೇಳಿದೆ. ಅವರು ನೆಲ ನೋಡುತ್ತಾ ಕೇಳಿದರು. ಟೀ ದುಡ್ಡು ನಾನು ಕೊಡಲು ಹೋದೆ, ಬಿಡಲಿಲ್ಲ.

ಹಣ ಕಟ್ಟುವ ಆಟ ಬೇರೆ, ಇ-ಸ್ಪೋರ್ಟ್ಸ್ ಬೇರೆ ಅಂತ 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡಿತು. ಒಳ್ಳೆಯದಾಯಿತು. ನಮಗಾದದ್ದಕ್ಕೆ ಹಣವೇ ಬೇಕಿರಲಿಲ್ಲ. ಕಲಿಸುವವನು ಮತ್ತು ಕಲಿಯುವವನು ಇದ್ದರೆ ಸಾಕಿತ್ತು.

ಈಗಲೂ ಭಾನುವಾರ ಮೂವರು ಹುಡುಗರಿಗೆ ಕಲಿಸುತ್ತೇನೆ. ಎಲ್ಲರೂ 18 ದಾಟಿದವರು. ರಾತ್ರಿ ಹತ್ತು ಗಂಟೆಗೆ ನಿಲ್ಲಿಸುತ್ತೇವೆ. ರೆಕಾರ್ಡಿಂಗ್ ನೋಡುವಾಗ ಮೊದಲು ನನ್ನ ತಪ್ಪು ನೋಡುತ್ತೇವೆ. ಯಾರ ಮೈಕನ್ನೂ ಆಫ್ ಮಾಡಿಸುವುದಿಲ್ಲ.

ಹೋದ ತಿಂಗಳು ಒಬ್ಬ ಆಟದ ನಡುವೆ, "ಅಣ್ಣ, ನೀನು ಹೇಳ್ತಿರೋದು ತಪ್ಪು" ಅಂದ. ಆ ಹಳೇ ಮಾತು ನನ್ನ ಬಾಯಿಗೆ ಬಂತು. ಇನ್ನೂ ಬರುತ್ತದೆ. ಅದನ್ನು ನುಂಗಿಕೊಂಡು, "ಯಾಕೆ, ಹೇಳು" ಅಂದೆ.

ಅವನು ಹೇಳಿದ.