ಅರ, ಕಾನಸ್, ಫೈಲು

ಬಿ.ಕಾಂ. ಓದುವ ಹುಡುಗನಿಗೂ ಕಬ್ಬಿಣ ಉಜ್ಜುವ ಅರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಕಳೆದ ವರ್ಷದವರೆಗೆ ನನಗೂ ಫೈಲು ಅಂದರೆ ವೋಚರು ಪೋಣಿಸುವ ರಟ್ಟಿನ ಫೈಲೇ. ಅಪ್ಪನಿಗೆ ಹಾಗಲ್ಲ. ವಿಜಯಪುರ ಜಿಲ್ಲೆಯ ನಮ್ಮ ಹಳ್ಳಿಯ ಕಮ್ಮಾರನ ಮನೆಯಲ್ಲಿ ಅವನು ಅದನ್ನು ಮೊದಲು ಕಂಡಾಗ ಅದರ ಹೆಸರು ಅರ. ಮುಂಬಯಿಗೆ ಬಂದು ಕಾರ್ಖಾನೆಯಲ್ಲಿ ಫಿಟ್ಟರ್ ಆದಾಗ ಜೊತೆಯ ಮರಾಠಿ ಗೆಳೆಯರ ಬಾಯಲ್ಲಿ ಅದು ಕಾನಸ್. ಸ್ಟೋರ್ಸಿನ ಚೀಟಿಯಲ್ಲಿ ಫೈಲು. ಮೂರು ಹೆಸರಿನ ಈ ಒಂದೇ ವಸ್ತುವನ್ನು ಇಪ್ಪತ್ತೆಂಟು ವರ್ಷ ಹಿಡಿದ ಕೈ ಈಗ ಚಹಾದ ಬಶಿ ಹಿಡಿದರೂ ನಡುಗುತ್ತದೆ.

ನನ್ನ ಹತ್ತಿರ ಒಂದು ಪಿಸ್ತೂಲು ಇದೆ. ಗಾಬರಿ ಬೇಡ, ಅದು ಗಾಳಿ ಪಿಸ್ತೂಲು, 4.5 ಮಿಲಿಮೀಟರಿನ ಸೀಸದ ಪೆಲೆಟ್ ಹಾರಿಸುವಂಥದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಈ ಅಳತೆಯನ್ನೂ 20 ಜೂಲ್ ಶಕ್ತಿಯನ್ನೂ ಮೀರದ ಗಾಳಿ ಆಯುಧಕ್ಕೆ ಲೈಸೆನ್ಸ್ ಬೇಡ. ಮದ್ದುಗುಂಡಿನ ಪಿಸ್ತೂಲಿನ ಮಾತೇ ಬೇರೆ. ಅದರ ದುರಸ್ತಿ 1959ರ ಕಾಯ್ದೆಯಂತೆ ಪರವಾನಗಿ ಇದ್ದವರ ಕೆಲಸ. ನಾನು ಇಲ್ಲಿ ಬರೆಯುವುದನ್ನು ಯಾರೂ ಅದರ ಮೇಲೆ ಪ್ರಯೋಗ ಮಾಡಬಾರದು.

ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಯಲ್ಲಿ ಬೆಳ್ಳಿ ಗೆದ್ದದ್ದು, ಮನು ಭಾಕರ್ 2024ರಲ್ಲಿ ಪ್ಯಾರಿಸ್ಸಿನಲ್ಲಿ ಕಂಚು ಗೆದ್ದದ್ದು, ಎರಡೂ ಹತ್ತು ಮೀಟರ್ ಗಾಳಿ ಪಿಸ್ತೂಲಿನಲ್ಲೇ. ಆದರೆ ಅಂಥವರ ಕೈಯಲ್ಲಿರುವ ಪಿಸ್ತೂಲಿನ ಬೆಲೆ ಲಕ್ಷ ರೂಪಾಯಿ ದಾಟುತ್ತದೆ. ಅದರಲ್ಲಿ ಸ್ಕ್ರೂ ತಿರುವಿದರೆ ಗುಂಡು ಬೀಳುವ ಜಾಗ ಮೇಲೆ ಕೆಳಗೆ ಆಗುತ್ತದೆ. ನನ್ನದು ಅಪ್ಪ ತನ್ನ ಬಾಕಿ ಹಣ ಬಂದಾಗ ಕೊಡಿಸಿದ ಸೆಕೆಂಡ್ ಹ್ಯಾಂಡ್ ಮಾಲು. ಹಿಂದಿನ ಸೈಟೂ ಅಲುಗುವುದಿಲ್ಲ, ಮುಂದಿನದೂ ಅಲುಗುವುದಿಲ್ಲ. ಮತ್ತು ಗುಂಡು ಯಾವಾಗಲೂ ಕೆಳಗೇ ಬೀಳುತ್ತಿತ್ತು. ಅಂತರ ಕಾಲೇಜು ಸ್ಪರ್ಧೆಯ ಟ್ರಯಲ್ಸಿಗೆ ಉಳಿದದ್ದು ಒಂದೂವರೆ ತಿಂಗಳು.

ಹತ್ತು ಮೀಟರಿನ ಗುರಿಹಲಗೆಯ ಲೆಕ್ಕ ಗೊತ್ತಿಲ್ಲದವರಿಗೆ ಎರಡು ಮಾತು. ನಡುವಿನ ಹತ್ತರ ವೃತ್ತದ ಅಡ್ಡಳತೆ ಬರೀ 11.5 ಮಿಲಿಮೀಟರು, ಒಂದು ಅಂಗಿಯ ಗುಂಡಿಯಷ್ಟು. ಅಲ್ಲಿಂದ ಹೊರಗೆ ಪ್ರತಿ 8 ಮಿಲಿಮೀಟರಿಗೆ ಒಂದು ಅಂಕ ಕಡಿಮೆ. ನನ್ನ ಗುಂಡುಗಳು ನಡುವಿನಿಂದ ಸರಾಸರಿ 36 ಮಿಲಿಮೀಟರ್ ಕೆಳಗೆ, ಅಂದರೆ ಆರರ ಮನೆಯಲ್ಲಿ ಗುಂಪುಗೂಡುತ್ತಿದ್ದವು.

ನಳಿಗೆಯ ತುದಿಯಲ್ಲಿ ಒಂದು ಚಿಕ್ಕ ಉಕ್ಕಿನ ಗೂಟ ಇರುತ್ತದೆ, ಅದೇ ಫ್ರಂಟ್ ಸೈಟ್. ಹಿಂದಿನ ಸೈಟಿನ ಕಚ್ಚಿನಲ್ಲಿ ಅದು ಸಮನಾಗಿ ಕೂತಾಗ ಟ್ರಿಗರ್ ಎಳೆಯಬೇಕು. ಗೂಟ ಎತ್ತರವಿದ್ದರೆ ಅದನ್ನು ಸಮ ಮಾಡಲು ನಾವು ನಳಿಗೆಯ ಮೂತಿಯನ್ನೇ ತಗ್ಗಿಸುತ್ತೇವೆ. ಗುಂಡು ಕೆಳಗೆ ಹೋಗುತ್ತದೆ. ಗೂಟವನ್ನು ಉಜ್ಜಿ ಗಿಡ್ಡ ಮಾಡಿದರೆ ಮೂತಿ ಏಳುತ್ತದೆ, ಗುಂಡೂ ಏಳುತ್ತದೆ. ವಿದ್ಯೆ ಇಷ್ಟೇ.

ನಾನು ಇದನ್ನು ಹೇಳಿ ಮುಗಿಸುವುದರೊಳಗೆ ಅಪ್ಪ ಕೇಳಿದ: "ತಮ್ಮಾ, ತಪ್ಪು ಗೂಟದ್ದೋ ನಿನ್ನ ಕೈಯಿಂದೋ?"

ಸರಿಯಾದ ಪ್ರಶ್ನೆ. ಟ್ರಿಗರನ್ನು ಜಗ್ಗಿ ಎಳೆಯುವವನ ಗುಂಡೂ ಕೆಳಗೇ ಬೀಳುತ್ತದೆ. ರೇಂಜಿಗೆ ಹೋಗಿ, ಮಣಿಕಟ್ಟಿನ ಕೆಳಗೆ ಮರಳಿನ ಚೀಲ ಇಟ್ಟು ಹತ್ತು ಗುಂಡು ಹೊಡೆದೆ. ಬೇರೆ ಕಂಪನಿಯ ಪೆಲೆಟ್ ಹಾಕಿ ಹತ್ತು. ನನಗಿಂತ ಎಷ್ಟೋ ಚೆನ್ನಾಗಿ ಹೊಡೆಯುವ ಸೀನಿಯರ್ ಅಕ್ಕನೊಬ್ಬಳ ಕೈಗೆ ಕೊಟ್ಟು ಹತ್ತು. ಮೂರು ಕಾಗದದಲ್ಲೂ ಗುಂಪು ಅದೇ ಜಾಗದಲ್ಲಿ. ಮೂರು ಸಾಕ್ಷಿ ಒಂದೇ ಮಾತು ಹೇಳಿದ ಮೇಲೆ ಅಪ್ಪ ತನ್ನ ತಗಡಿನ ಪೆಟ್ಟಿಗೆ ತೆಗೆದ.

ಮುಂದೆ ತ್ರೈರಾಶಿ. ಹಿಂದಿನ ಸೈಟಿಗೂ ಮುಂದಿನದಕ್ಕೂ ನಡುವೆ 250 ಮಿಲಿಮೀಟರ್. ಗುರಿಗೆ 10,000 ಮಿಲಿಮೀಟರ್. ಅಂದರೆ ನಲವತ್ತಕ್ಕೆ ಒಂದು. 36ನ್ನು ನಲವತ್ತರಿಂದ ಭಾಗಿಸಿದರೆ 0.9. ಒಂದು ಮಿಲಿಮೀಟರೂ ಇಲ್ಲ! ಏಳನೇ ಇಯತ್ತೆಯವರೆಗೆ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿತ ಲೆಕ್ಕ ಇಷ್ಟು ನೇರವಾಗಿ ಉಪಯೋಗಕ್ಕೆ ಬಂದದ್ದು ಇದೇ ಮೊದಲು.

"ಅಪ್ಪಾ, ನೀನ ಮಾಡು" ಅಂದೆ. ಅವನು ತನ್ನ ಬಲಗೈ ಎತ್ತಿ ನನ್ನ ಮುಂದೆ ಹಿಡಿದ. ಬೆರಳುಗಳು ನಡುಗುತ್ತಿದ್ದವು. ಏನೂ ಹೇಳಲಿಲ್ಲ. "ನನ್ನ ಕೈ ಕರಿ ಆತು, ನಿನ್ನ ಕೈ ಬಿಳಿ ಇರಲಿ" ಎಂದು ನನ್ನನ್ನು ಕಾಮರ್ಸಿಗೆ ಸೇರಿಸಿದವನು, ಒಮ್ಮೆಯೂ ತನ್ನ ಪೆಟ್ಟಿಗೆ ಮುಟ್ಟಗೊಡದವನು, ಅವತ್ತು ಅರದ ಹಿಡಿಯನ್ನು ನನ್ನ ಕಡೆ ತಿರುಗಿಸಿ ಕೊಟ್ಟ.

ಪಿಸ್ತೂಲಿನಲ್ಲಿ ಪೆಲೆಟ್ ಇಲ್ಲ, ಸ್ಪ್ರಿಂಗ್ ಎಳೆದಿಲ್ಲ ಎಂದು ಇಬ್ಬರೂ ಎರಡೆರಡು ಸಲ ನೋಡಿದೆವು. ಅಡಿಗೆ ಕಟ್ಟೆಯ ಅಂಚಿಗೆ ಬಿಗಿದ ಪುಟ್ಟ ವೈಸಿನ ಎರಡೂ ದವಡೆಗೆ ಮರದ ಚಕ್ಕೆ ಕೊಟ್ಟು ನಳಿಗೆಯನ್ನು ಹಿಡಿಸಿದೆವು. ನಳಿಗೆಯ ಬಾಯಿಗೆ ಟೇಪು, ಕಬ್ಬಿಣದ ಪುಡಿ ಒಳಗೆ ಹೋಗದಂತೆ. ಅತಿ ಸಣ್ಣ ಹಲ್ಲಿನ ಅರಕ್ಕೆ ಸೀಮೆಸುಣ್ಣ ತಿಕ್ಕಿದೆವು. ಹಲ್ಲಿನ ಸಂದಿಯಲ್ಲಿ ಪುಡಿ ಕಚ್ಚಿಕೊಂಡರೆ ಮಾಲಿನ ಮೇಲೆ ಗೀರು ಬೀಳುತ್ತದಂತೆ. ಗೂಟದ ತಲೆಗೆ ಮಾರ್ಕರಿನ ಕಪ್ಪು ಬಳಿದೆವು. ಎಲ್ಲಿ ಕಪ್ಪು ಅಳಿಯಿತೋ ಅಲ್ಲಿ ಉಜ್ಜಿದೆ ಎಂದು ಲೆಕ್ಕ.

"ಮುಂದ ಹೋಗುವಾಗ ಒತ್ತು, ಹಿಂದ ಬರುವಾಗ ಎತ್ತು. ಅರ ಮುಂದ ಅಷ್ಟ ಕಡೀತದ."

ನಾಲ್ಕು ಸಲ ಉಜ್ಜು, ನಿಲ್ಲು, ಒರೆಸು, ವರ್ನಿಯರಿನಲ್ಲಿ ಅಳೆ. ಕೈ ಓರೆಯಾದರೆ ಗೂಟದ ತಲೆ ಓರೆಯಾಗುತ್ತದೆ. ಅಪ್ಪ ನನ್ನ ಮೊಣಕೈಯನ್ನು ಎರಡು ಬೆರಳಿನಿಂದ ಮುಟ್ಟಿ ಎತ್ತರ ಸರಿಮಾಡುತ್ತಿದ್ದ. ಮುಟ್ಟಿದಾಗ ಆ ಬೆರಳು ನಡುಗುತ್ತಿರಲಿಲ್ಲ.

ಒಂದೇ ಸಂಜೆಗೆ 0.9 ತೆಗೆದುಬಿಡೋಣ ಅಂತ ನನಗೆ ಆತುರ. ಅಪ್ಪ 0.4ಕ್ಕೇ ನಿಲ್ಲಿಸಿದ. ಲೆಕ್ಕಪತ್ರದಲ್ಲಿ ಡೆಬಿಟ್ ಕ್ರೆಡಿಟ್ ಅದಲುಬದಲಾದರೆ ನಾವು ಒಂದು ರೆಕ್ಟಿಫಿಕೇಶನ್ ಎಂಟ್ರಿ ಬರೆದು ಪಾರಾಗುತ್ತೇವೆ. ಕಬ್ಬಿಣಕ್ಕೆ ಅಂಥ ಎಂಟ್ರಿ ಇಲ್ಲ. ಹೆಚ್ಚಾಗಿ ಉಜ್ಜಿದರೆ ಗುಂಡು ಮೇಲೆ ಹೋಗುತ್ತದೆ, ಪುಡಿಯನ್ನು ಗುಡಿಸಿ ಮತ್ತೆ ಗೂಟಕ್ಕೆ ಅಂಟಿಸುವಂತಿಲ್ಲ.

ಮರುದಿನ ರೇಂಜಿನಲ್ಲಿ ಗುಂಪು 20 ಮಿಲಿಮೀಟರ್ ಕೆಳಗೆ. ತ್ರೈರಾಶಿ ಸುಳ್ಳಾಗಲಿಲ್ಲ. ಆ ಸಂಜೆ ಇನ್ನೂ 0.3 ತೆಗೆದೆವು, ಗುಂಪು 8ಕ್ಕೆ ಬಂತು. ಮೂರನೇ ಸಂಜೆ 0.1, ಗುಂಪು 4ಕ್ಕೆ ಬಂತು. "ಇನ್ನೊಂದು 0.1 ಉಳೀತಲ್ಲ ಅಪ್ಪಾ, ಟ್ಯಾಲಿ ಆಗಬೇಕು" ಅಂದೆ. "ನಾಕು ಮಿಲಿಮೀಟರ್ ಹತ್ತರ ಮನಿ ಒಳಗ ಅದನೋ ಇಲ್ಲೋ?" ಅಂದ. ಇತ್ತು. "ಹಂಗಾರ ಬಿಡು. ಪಾಲಿಶಿಗೆ, ಮುಂದಿನ ದಿನಕ್ಕ ಏನರ ಉಳೀಬೇಕು." ನಮ್ಮ ಟ್ರಯಲ್ ಬ್ಯಾಲೆನ್ಸು ಕಡೆಯ ಪೈಸೆಯವರೆಗೆ ಕೂಡಬೇಕು, ಫಿಟ್ಟರನ ಲೆಕ್ಕ ಕೂಡುವ ಸ್ವಲ್ಪ ಮೊದಲು ನಿಲ್ಲಬೇಕು. ಎರಡೂ ಸರಿ ಎಂದು ಈಗ ನನಗೆ ಅನ್ನಿಸುತ್ತದೆ.

ಉಜ್ಜಿದ ಉಕ್ಕು ಬೆಳ್ಳಗೆ ಮಿಂಚುತ್ತದೆ. ಮಿಂಚುವ ಗೂಟ ಕಣ್ಣಿಗೆ ಮೋಸ ಮಾಡುತ್ತದೆ. ಬೆಳಕು ಬಿದ್ದ ಅಂಚು ಇದ್ದದ್ದಕ್ಕಿಂತ ಬೇರೆಯಾಗಿ ಕಾಣುತ್ತದೆ. ಗುರಿ ಇಡುವವನು ನೋಡಬೇಕಾದದ್ದು ಗುರಿಹಲಗೆಯನ್ನಲ್ಲ, ಈ ಗೂಟವನ್ನೇ. ಹಲಗೆ ಮಸುಕಾಗಿರಲಿ, ಗೂಟ ಸ್ಪಷ್ಟವಾಗಿರಬೇಕು. ಹಾಗಾಗಿ ಅದನ್ನು ಮತ್ತೆ ಕಪ್ಪು ಮಾಡಬೇಕು. ಸಣ್ಣ ಎಮರಿ ಕಾಗದದಿಂದ ಅಂಚಿನ ಮುಳ್ಳು ತೆಗೆದು, ಸ್ಪಿರಿಟಿನಿಂದ ಎಣ್ಣೆ ಒರೆಸಿ, ಕೋಲ್ಡ್ ಬ್ಲೂ ಎಂಬ ದ್ರಾವಣವನ್ನು ಹತ್ತಿಯ ಕಡ್ಡಿಯಿಂದ ಹಚ್ಚಿದೆ. ಅದರಲ್ಲಿ ಸೆಲೆನಿಯಂ ಇರುತ್ತದೆ, ವಿಷ; ಕೈಗವಸು ಹಾಕಿ, ಕಿಟಕಿ ತೆರೆದು, ಅವ್ವನನ್ನೂ ಪಾತ್ರೆಗಳನ್ನೂ ದೂರ ಕಳಿಸಿ ಮಾಡಿದೆ. ಅದು ಉಕ್ಕಿಗೆ ಮಾತ್ರ ಹತ್ತುತ್ತದೆ, ಅಲ್ಯುಮಿನಿಯಮ್ಮಿಗೆ ಹತ್ತುವುದಿಲ್ಲ. ಸ್ವಲ್ಪ ಹೊತ್ತಿಗೆ ಗೂಟ ಬೂದಿ ಬಣ್ಣಕ್ಕೆ ತಿರುಗಿತು, ಎರಡನೆಯ ಸಲಕ್ಕೆ ಕಪ್ಪಾಯಿತು. ನೀರಿನಲ್ಲಿ ತೊಳೆದು ಒರೆಸಿ ಎಣ್ಣೆ ಹಚ್ಚಿದೆ. ಹಿಂದೆ ಗುರಿಕಾರರು ಕರ್ಪೂರ ಹೊತ್ತಿಸಿ ಅದರ ಹೊಗೆ ಹಿಡಿಸಿ ಕಪ್ಪು ಮಾಡುತ್ತಿದ್ದರು ಎಂದು ಹೇಳಿದಾಗ ಅವ್ವ, "ಮೊದಲ ಹೇಳಿದ್ರ ದೇವರ ಕ್ವಾಣ್ಯಾಗಿಂದ ಕೊಡತಿದ್ದಿಲ್ಲೇನು?" ಅಂದಳು.

ಅಪ್ಪ ಪಿಸ್ತೂಲನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಗೂಟದ ತಲೆಯ ಮೇಲೆ ಹೆಬ್ಬೆರಳಿನ ಉಗುರು ಆಡಿಸಿದ. "ಬರೋಬ್ಬರಿ ಅದ" ಅಂದ. ಇಪ್ಪತ್ತೆಂಟು ವರ್ಷದಲ್ಲಿ ಎಷ್ಟು ಮಾಲಿಗೆ ಈ ಮಾತು ಹೇಳಿದ್ದನೋ! ಕೆಲಸ ಬಿಟ್ಟ ಮೇಲೆ ಅವನ ಬಾಯಿಂದ ನಾನು ಅದನ್ನು ಕೇಳಿದ್ದು ಅದೇ ಮೊದಲು.

ಟ್ರಯಲ್ಸು ಮುಂದಿನ ವಾರ. ನನ್ನ ಗುಂಡುಗಳು ಇನ್ನೂ ಎಂಟು, ಒಂಬತ್ತು, ಹತ್ತು ಎಂದು ಚದುರುತ್ತವೆ. ಆದರೆ ಚದುರುವುದು ಈಗ ನಡುವಿನ ಸುತ್ತಲೇ. ಇನ್ನು ಒಂದು ಗುಂಡು ಕೆಳಗೆ ಬಿದ್ದರೆ ಪಿಸ್ತೂಲಿನ ಹೆಸರು ಹೇಳುವಂತಿಲ್ಲ. ಆ ಲೆಕ್ಕ ಪೂರ್ತಿ ನನ್ನ ಖಾತೆಗೇ.