ಒಂದು ಹೆಂಚು ಜಾರಿದರೆ

ಹಳೇ ಮನೆ ಕೊಳ್ಳಲು ನೋಡುವುದಿದ್ದರೆ ಬೇಸಿಗೆಯಲ್ಲಿ ಹೋಗಬಾರದು. ಎರಡು ವರ್ಷದಿಂದ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆ ಸುತ್ತಿ ನಾನು ಕಲಿತ ಮೊದಲ ಪಾಠ ಇದು. ಬೇಸಿಗೆಯ ಇಳಿಬಿಸಿಲಿನಲ್ಲಿ ಯಾವ ತೊಟ್ಟಿಮನೆಯೂ ಚೆಂದವೇ. ಆಷಾಢದಲ್ಲಿ ಹೋದರೆ ಎಲ್ಲಿ ಸೋರುತ್ತದೆ, ಯಾವ ಗೋಡೆಯ ಬುಡ ನೀರು ಕುಡಿದಿದೆ, ಯಾವ ಮೂಲೆಗೆ ಒರಲೆ ಹತ್ತಿದೆ ಎಂದು ಮನೆಯೇ ಹೇಳುತ್ತದೆ.

ನಾನು ಹುಡುಕುತ್ತಿದ್ದುದು ದೊಡ್ಡ ಮನೆಯನ್ನೇನಲ್ಲ. ಒಂದು ಜಗಲಿ, ಪುಟ್ಟ ತೊಟ್ಟಿ, ಅಟ್ಟ, ಹಿತ್ತಿಲ ಕಡೆಗೆ ಹಂಡೆಯ ಬಚ್ಚಲು. ಗೋಡೆ ಮಾತ್ರ ಮಣ್ಣಿನದೇ ಇರಬೇಕು. ಮೊದಲು ನೋಡಿದ ಮನೆಯ ಗೋಡೆಗೆ ಯಾರೋ ಅಕ್ಕರೆಯಿಂದಲೇ ಸಿಮೆಂಟು ಬಳಿಸಿದ್ದರು. ತಟ್ಟಿದರೆ ಟೊಳ್ಳು ಸದ್ದು. ಮಣ್ಣಿನ ಗೋಡೆ ಮಳೆಗಾಲದಲ್ಲಿ ಹೀರಿದ ತೇವವನ್ನು ಬಿಸಿಲಿಗೆ ಬಿಟ್ಟುಕೊಡಬೇಕು. ಸುಣ್ಣ ಅದಕ್ಕೆ ದಾರಿ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ. ಒಳಗೇ ಉಳಿದ ತೇವದಲ್ಲಿ ಗೋಡೆ ಮೆತ್ತಗಾಗಿ ಕುಸಿಯುತ್ತ ಬರುತ್ತದೆ.

ಇನ್ನೊಂದು ಮನೆಯಲ್ಲಿ ಮುಂಡಿಗೆಗಳೇ ಇರಲಿಲ್ಲ. ಕುಳಿ ತೋಡಿದ ನಾಲ್ಕು ಕಲ್ಲುಗಳು ಮಾತ್ರ ತೊಟ್ಟಿಯ ಸುತ್ತ ಬಾಯಿ ತೆರೆದುಕೊಂಡು ಕೂತಿದ್ದವು. ಹಲಸಿನ ಕಂಬಗಳನ್ನು ಲಾರಿಗೆ ಹೇರಿ ಕಳಿಸಿಯಾಗಿತ್ತು. ಚೆಟ್ಟಿನಾಡಿನ ಮನೆಗಳ ಬಾಗಿಲು, ಕಂಬಗಳು ತಮಿಳುನಾಡಿನ ಕಾರೈಕುಡಿಯ ಅಂಗಡಿಗಳಲ್ಲಿ ಸಾಲಾಗಿ ನಿಂತಿರುವುದನ್ನು ನೋಡಿದ್ದೇನೆ. ಅಲ್ಲಿ ಆಗದ ಸಂಕಟ ಇಲ್ಲಿ ಆ ಕುಳಿಗಳನ್ನು ನೋಡಿದಾಗ ಆಯಿತು. ಮಣಿಪಾಲದ ವಿಜಯನಾಥ ಶೆಣೈಯವರೂ ಮನೆಗಳನ್ನು ಬಿಚ್ಚಿ ಸಾಗಿಸಿದವರೇ. ಆದರೆ ಬೀಳಲಿದ್ದ ಮನೆಯನ್ನು ಇಡಿಯಾಗಿ ತಂದು, ಕಂಬಕ್ಕೆ ಕಂಬ ಕೂಡಿಸಿ ಮತ್ತೆ ಎಬ್ಬಿಸಿದರು. ಬ್ಯಾಂಕಿನ ಕೆಲಸದಲ್ಲಿದ್ದ ಒಬ್ಬ ಮನುಷ್ಯನ ಹಟದಿಂದ ಆ ಮನೆಗಳ ಹಸ್ತಶಿಲ್ಪ ಗ್ರಾಮ ಎದ್ದಿತು ಎನ್ನುವುದನ್ನು ನೆನೆದರೆ ನನಗೆ ಈಗಲೂ ಧೈರ್ಯ ಬರುತ್ತದೆ. ಆದರೂ ಮನೆ ತನ್ನ ಬಾವಿ, ತನ್ನ ತೋಟದ ಪಕ್ಕದಲ್ಲೇ ಉಳಿಯಲಿ ಎಂಬುದು ನನ್ನ ಆಸೆ.

ಕಾಗದಪತ್ರದ ಕಥೆ ಎಲ್ಲರಿಗೂ ಗೊತ್ತಿರುವುದೇ. ಅಜ್ಜನ ಹೆಸರಿನಲ್ಲೇ ನಿಂತ ಖಾತೆ, ಊರೂರಿಗೆ ಹಂಚಿಹೋದ ಪಾಲುದಾರರು, ಒಪ್ಪದ ಒಬ್ಬ ತಮ್ಮ. ಅವನ ಮೇಲೆ ನನಗೆ ಸಿಟ್ಟಿಲ್ಲ. ಹುಟ್ಟಿದ ಮನೆಯ ಮಾರಾಟಕ್ಕೆ ರುಜು ಹಾಕಲು ಕೈ ಬರಬಾರದು ಕೂಡ.

ಕೊನೆಗೆ ಮನಸ್ಸು ನಿಂತದ್ದು ಹೊಸನಗರದ ಕಡೆಯ ಒಂದು ಮನೆಯ ಮೇಲೆ. ಅಂಗಳಕ್ಕೆ ಬಿದ್ದ ಹೆಂಚನ್ನು ಮಗುಚಿದೆ. ಬೆನ್ನ ಮೇಲೆ ಮಂಗಳೂರಿನ ಕಾರ್ಖಾನೆಯೊಂದರ ಅಚ್ಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಚಪ್ಪಟೆ ಹೆಂಚು ಘಟ್ಟ ಹತ್ತಿತು. ಅದಕ್ಕೂ ಮೊದಲು ಇಲ್ಲಿ ಸೋಗೆ, ಹುಲ್ಲು, ನಾಡಹೆಂಚು. ಬರಿಯ ಮಣ್ಣಿನ ಬಿಲ್ಲೆ ಇಷ್ಟು ಮಳೆ ತಡೆದೀತೆ ಎನ್ನಬಹುದು. ತಡೆಯುತ್ತದೆ, ವರ್ಷಕ್ಕೊಮ್ಮೆ ಕೈಯಾಡಿಸುವವರಿದ್ದರೆ. ಮಂಗ ಹಾರಿಯೋ ಕೊಂಬೆ ಬಿದ್ದೋ ಒಂದು ಹೆಂಚು ಜಾರಿತೆನ್ನಿ. ಅದರ ಕೆಳಗಿನ ರೀಪು ನೆನೆಯುತ್ತದೆ, ಮರುವರ್ಷ ಪಕಾಸಿ, ಆಮೇಲೆ ತೊಲೆ, ತೊಲೆ ಕೂತ ಗೋಡೆಯ ನೆತ್ತಿ. ಮಣ್ಣಿನ ಮನೆ ಸಾಯುವುದು ತಲೆಯಿಂದ. ಮನೆ ಹಳತಾದದ್ದು ಕಾರಣವಲ್ಲ, ಜಾರಿದ ಹೆಂಚನ್ನು ನೋಡುವ ಕಣ್ಣು ಮನೆಯಲ್ಲಿಲ್ಲದ್ದು ಕಾರಣ.

ಅಡುಗೆಮನೆಯ ತೊಲೆಗಳು ಮಾತ್ರ ಗಟ್ಟಿಯಿದ್ದವು. ಎಷ್ಟೋ ಕಾಲದ ಒಲೆಯ ಹೊಗೆ ಕುಡಿದು ಕರ್ರಗಾದ ಮರ. ಅದಕ್ಕೆ ಹುಳು ಬಾಯಿ ಹಾಕಿರಲಿಲ್ಲ. ಒಲೆ ಆರಿದ ಮೇಲೆ ಅಟ್ಟದ ಮರಕ್ಕೆ ಕುಟ್ಟೆ ಹಿಡಿದಿತ್ತು.

ಬೀಗದ ಕೈ ಪಕ್ಕದ ಮನೆಯ ಅಮ್ಮನ ಹತ್ತಿರ. ನಾನು ಸುತ್ತಿ ಮುಗಿಸುವವರೆಗೂ ಜಗಲಿಯಲ್ಲಿ ಸುಮ್ಮನೆ ಕೂತಿದ್ದವರು ಹೊರಡುವಾಗ ಕೇಳಿದರು:

“ಮಳೆಗಾಲಕ್ಕೂ ಇರ್ತ್ಯಾ ತಮ್ಮಾ, ಬೇಸಿಗೆಗೆ ಮಾತ್ರವಾ?”

ಬೆಲೆ, ಪಾಲು, ಮರ ಎಲ್ಲ ಲೆಕ್ಕ ಹಾಕಿದ್ದ ನಾನು ಇದೊಂದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ರಾತ್ರಿಯಿಡೀ ಹೆಂಡತಿಯ ಜೊತೆ ಮಾತಾಡಿ, ಬೆಳಗ್ಗೆ ಅವರಿಗೆ ಫೋನು ಮಾಡಿದೆ.

“ಇರ್ತೀವಿ ಅಮ್ಮಾ.”

“ಹಂಗಾದ್ರೆ ಹೆಂಚಿನೋನಿಗೆ ಈಗ್ಲೇ ಹೇಳಿಡ್ತೀನಿ. ಮಳೆ ಹತ್ರ ಬಂದ್ರೆ ಅವನು ಯಾರಿಗೂ ಸಿಗಲ್ಲ” ಎಂದರು.